ನಾಯಿ, ಬೆಕ್ಕುಗಳ ಹೃದಯ ಹುಳು: ತಡೆಯುವ ಮತ್ತು ಗುಣಪಡಿಸುವ ಔಷಧಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರ, ಕುಮಟಾ, ಹೊನ್ನಾವರದ ಕಡೆಯಿಂದ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಕಡೆಯಿಂದ ನಾಯಿ ಬೆಕ್ಕು ಸಾಕಿದವರು ಚಿಕಿತ್ಸೆಯ ಮೇಜಿನ ಎದುರು ನಿಂತು, ಫೋನು ಮಾಡಿ, ಕೆಲವರು ಪತ್ರ ಬರೆದು ಕೇಳಿದ ಪ್ರಶ್ನೆಗಳಿವು. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಅಲ್ಲಲ್ಲಿ ಔಷಧಿಯ ಪ್ರಮಾಣ ಬರೆದಿದ್ದೇನೆ. ಅದು ನೀವೇ ಅಳೆದು ಕೊಡಲು ಅಲ್ಲ, ವೈದ್ಯರು ಬರೆದುಕೊಟ್ಟ ಚೀಟಿಯ ಲೆಕ್ಕ ನಿಮಗೂ ತಿಳಿದಿರಲಿ ಎಂದು.

## ಮೊದಲು ತಿಳಿಯಬೇಕಾದದ್ದು

ಮೂರು ತಿಂಗಳಿಗೊಮ್ಮೆ ಜಂತಿನ ಮಾತ್ರೆ ಹಾಕುತ್ತೇವಲ್ಲ, ಹೃದಯ ಹುಳುವಿಗೆ ಅದೇ ಸಾಲದೇ?

ಸಾಲದು. ಜಂತುಹುಳು, ಕೊಕ್ಕೆಹುಳು, ಲಾಡಿಹುಳು ಇವೆಲ್ಲ ಕರುಳಿನಲ್ಲಿರುತ್ತವೆ. ಡೈರೋಫಿಲೇರಿಯಾ ಇಮ್ಮಿಟಿಸ್ ಎಂಬ ಹೃದಯ ಹುಳು ಬೀಡುಬಿಡುವುದು ಹೃದಯದಿಂದ ಶ್ವಾಸಕೋಶಕ್ಕೆ ರಕ್ತ ಒಯ್ಯುವ ನಾಳಗಳಲ್ಲಿ. ಸಂಖ್ಯೆ ಹೆಚ್ಚಾದರೆ ಹೃದಯದ ಬಲಭಾಗದಲ್ಲೂ ತುಂಬಿಕೊಳ್ಳುತ್ತದೆ. ಬೆಳೆದ ಹೆಣ್ಣು ಹುಳು 25ರಿಂದ 30 ಸೆಂ.ಮೀ. ಉದ್ದ, ಬಿಳಿಯ ಬಣ್ಣ, ಶಾವಿಗೆ ಎಳೆಯಷ್ಟು ದಪ್ಪ. ನಾಯಿಯ ದೇಹದಲ್ಲಿ ಐದರಿಂದ ಏಳು ವರ್ಷ ಬದುಕಬಲ್ಲದು. ಆಲ್ಬೆಂಡಜೋಲ್, ಪ್ರಾಜಿಕ್ವಾಂಟೆಲ್, ಪೈರಾಂಟೆಲ್ ಇರುವ ಸಾಮಾನ್ಯ ಜಂತಿನ ಮಾತ್ರೆಗಳಿಂದ ಇದನ್ನು ತಡೆಯಲಾಗುವುದಿಲ್ಲ.

ಪಕ್ಕದ ಮನೆಯ ನಾಯಿಗೆ ಇದೆಯಂತೆ. ನಮ್ಮದು ಅದರ ಜೊತೆ ಆಡುತ್ತದೆ, ಅದರ ತಟ್ಟೆಯಲ್ಲೇ ಉಣ್ಣುತ್ತದೆ. ಅಂಟುತ್ತದೆಯೇ?

ಜೊತೆಗೆ ಆಡಿದರೆ, ಉಂಡರೆ, ನೆಕ್ಕಿದರೆ ಅಂಟುವುದಿಲ್ಲ. ನಡುವೆ ಸೊಳ್ಳೆ ಇರಲೇಬೇಕು. ರೋಗವಿರುವ ನಾಯಿಯ ರಕ್ತದಲ್ಲಿ ಹೆಣ್ಣು ಹುಳು ಹಾಕಿದ ಕಣ್ಣಿಗೆ ಕಾಣದ ಮರಿಗಳು ತೇಲುತ್ತಿರುತ್ತವೆ. ಇವಕ್ಕೆ ಮೈಕ್ರೊಫೈಲೇರಿಯಾ ಎನ್ನುತ್ತಾರೆ. ಸೊಳ್ಳೆ ಕಚ್ಚಿದಾಗ ಅವು ರಕ್ತದ ಜೊತೆ ಸೊಳ್ಳೆಯ ಹೊಟ್ಟೆ ಸೇರುತ್ತವೆ. ನಮ್ಮ ಕರಾವಳಿಯ ಸೆಕೆಯಲ್ಲಿ ಎರಡು ವಾರದೊಳಗೆ ಎರಡು ಬಾರಿ ಪೊರೆ ಕಳಚಿ, ಇನ್ನೊಂದು ನಾಯಿಗೆ ದಾಟಲು ಸಿದ್ಧವಾಗುತ್ತವೆ. ಆ ಸೊಳ್ಳೆ ನಿಮ್ಮ ನಾಯಿಯನ್ನು ಕಚ್ಚಿದರೆ ಗಾಯದ ಮೂಲಕ ಒಳಗಿಳಿಯುತ್ತವೆ. ಮೊದಲ ಎರಡು ತಿಂಗಳು ಚರ್ಮದಡಿ ಮತ್ತು ಸ್ನಾಯುಗಳಲ್ಲಿ ಬೆಳೆದು, ಮೂರು ನಾಲ್ಕು ತಿಂಗಳ ಹೊತ್ತಿಗೆ ಶ್ವಾಸಕೋಶದ ನಾಳಗಳನ್ನು ಸೇರುತ್ತವೆ. ಆರು ಏಳು ತಿಂಗಳಿಗೆ ತಾವೇ ಮರಿ ಹಾಕತೊಡಗುತ್ತವೆ. ಈ ಕಾಲಗಣನೆಯನ್ನು ನೆನಪಿಡಿ. ಯಾವ ಔಷಧಿ ಎಲ್ಲಿ ಕೆಲಸ ಮಾಡುತ್ತದೆ, ಯಾವ ಪರೀಕ್ಷೆ ಯಾವಾಗ ಮಾಡಿಸಬೇಕು ಎಂಬುದೆಲ್ಲ ನಿಂತಿರುವುದು ಇದರ ಮೇಲೆ.

ಆದ್ದರಿಂದ ಪಕ್ಕದ ಮನೆಯ ನಾಯಿಯಿಂದ ನಿಮ್ಮ ನಾಯಿಯನ್ನು ದೂರ ಕಟ್ಟಿ ಪ್ರಯೋಜನವಿಲ್ಲ. ಅದಕ್ಕೆ ಚಿಕಿತ್ಸೆ ಆಗಲಿ, ನಿಮ್ಮದಕ್ಕೆ ತಡೆಯುವ ಔಷಧಿ ಸಿಗಲಿ.

ಇದು ನಮ್ಮ ಕಡೆ ಇರುವ ಕಾಯಿಲೆಯೇ, ಇಲ್ಲ ಹೊರದೇಶದ್ದೇ?

ಭಾರತದಲ್ಲಿ ಇದೆ. ಈಶಾನ್ಯ ರಾಜ್ಯಗಳಿಂದ ಹೆಚ್ಚು ವರದಿಯಾಗಿದೆ. ಕೇರಳ ಮತ್ತು ಕರ್ನಾಟಕದ ಕರಾವಳಿಯಲ್ಲಿ ಇದರ ದಾಯಾದಿ ಡೈರೋಫಿಲೇರಿಯಾ ರೆಪೆನ್ಸ್ ಹೆಚ್ಚು ಪರಿಚಿತ. ಅದು ಹೃದಯಕ್ಕೆ ಹೋಗುವುದಿಲ್ಲ, ಚರ್ಮದ ಕೆಳಗೆ ಉಳಿಯುತ್ತದೆ. ಎರಡನ್ನೂ ಹರಡುವುದು ಸೊಳ್ಳೆಯೇ, ಮತ್ತು ಸೊಳ್ಳೆಗೆ ನಮ್ಮಲ್ಲಿ ಬರವಿಲ್ಲ. ಅಡಿಕೆ ತೋಟದಲ್ಲಿ ಬಿದ್ದ ಹಾಳೆಯೊಂದನ್ನು ಮಳೆ ನಿಂತ ವಾರದ ಮೇಲೆ ಎತ್ತಿ ನೋಡಿ. ಬುಡದ ಮಡಿಕೆಯಲ್ಲಿ ನಿಂತ ಬೊಗಸೆ ನೀರಿನಲ್ಲಿ ಸೊಳ್ಳೆಮರಿಗಳು ತಲೆಕೆಳಗಾಗಿ ತೂಗಾಡುತ್ತಿರುತ್ತವೆ, ನೆರಳು ಬಿದ್ದೊಡನೆ ಕೊಂಕುತ್ತ ತಳಕ್ಕಿಳಿಯುತ್ತವೆ. ಕಾಯಿ ಸುಲಿದು ಬಿಟ್ಟ ಗೆರಟೆ, ಬಾವಿಕಟ್ಟೆಯ ಬಳಿಯ ಹಳೆ ಬಕೆಟ್, ಬಂದರಿನಲ್ಲಿ ಬಿದ್ದಿರುವ ಟಯರು ಎಲ್ಲವೂ ಅವಕ್ಕೆ ಮನೆಯೇ. ಹೊರ ರಾಜ್ಯಗಳಿಂದ ನಾಯಿಗಳನ್ನು ತರುವುದೂ ಈಗ ಹೆಚ್ಚಾಗಿದೆ. ಅಂಥ ನಾಯಿ ಬಂದರೆ ಮೊದಲು ಪರೀಕ್ಷೆ ಮಾಡಿಸಿ.

ಆನೆಕಾಲು ರೋಗವೂ ಸೊಳ್ಳೆಯಿಂದಲೇ ಅಲ್ಲವೇ? ನಾಯಿಯ ಹುಳುವಿನಿಂದ ನಮಗೆ ಅದು ಬರುತ್ತದೆಯೇ? ಆರೋಗ್ಯ ಇಲಾಖೆಯವರು ಕೊಟ್ಟ ಮಾತ್ರೆಯನ್ನು ನಾಯಿಗೂ ಕೊಡಬಹುದೇ?

ಆನೆಕಾಲು ರೋಗದ ಹುಳು ಬೇರೆ, ಅದು ಮನುಷ್ಯರಿಂದ ಮನುಷ್ಯರಿಗೆ ಸೊಳ್ಳೆಯ ಮೂಲಕ ಹೋಗುತ್ತದೆ. ನಾಯಿಯ ಹೃದಯ ಹುಳುವಿನಿಂದ ಆನೆಕಾಲು ಬರುವುದಿಲ್ಲ. ಸೊಳ್ಳೆ ಕಚ್ಚಿ ನಾಯಿಯ ಹುಳು ಮನುಷ್ಯರ ದೇಹ ಸೇರುವುದು ಅಪರೂಪಕ್ಕೆ ಉಂಟು. ಇಮ್ಮಿಟಿಸ್ ಆದರೆ ಶ್ವಾಸಕೋಶದಲ್ಲಿ ಸತ್ತು ಸಣ್ಣ ಗಂಟಾಗುತ್ತದೆ. ರೆಪೆನ್ಸ್ ಆದರೆ ಚರ್ಮದಡಿ ಅಥವಾ ಕಣ್ಣಿನ ಬಿಳಿಗುಡ್ಡೆಯ ಪೊರೆಯ ಕೆಳಗೆ ಕಾಣಿಸಿಕೊಳ್ಳುತ್ತದೆ. ಕರಾವಳಿಯ ಕಣ್ಣಿನ ವೈದ್ಯರಿಗೆ ಇದು ಹೊಸತಲ್ಲ.

ಮಾತ್ರೆಯ ವಿಷಯಕ್ಕೆ ಬಂದರೆ, ಖಂಡಿತ ಕೊಡಬೇಡಿ. ಡಿ.ಇ.ಸಿ. ಎಂದು ಕರೆಯುವ ಡೈಇಥೈಲ್‌ಕಾರ್ಬಮಜಿನ್ ಮಾತ್ರೆಯನ್ನು ರಕ್ತದಲ್ಲಿ ಹೃದಯ ಹುಳುವಿನ ಮರಿಗಳಿರುವ ನಾಯಿಗೆ ಕೊಟ್ಟರೆ ಅದು ಆಘಾತಕ್ಕೊಳಗಾಗಿ ಗಂಟೆಗಳೊಳಗೆ ಸಾಯಬಹುದು. ಮನೆಯಲ್ಲಿ ಉಳಿದ ಮಾತ್ರೆಗಳನ್ನು ಪ್ರಾಣಿಗಳಿಗೆ ಹಾಕುವ ಅಭ್ಯಾಸವನ್ನೇ ಬಿಡಬೇಕು.

ನಾಯಿ ಕೆಮ್ಮುತ್ತಿದೆ. ಇದೇ ಇರಬಹುದೇ?

ಇರಬಹುದು, ಇಲ್ಲದಿರಬಹುದು. ಒಣ ಕೆಮ್ಮು, ಸ್ವಲ್ಪ ಓಡಿದರೆ ಏದುಸಿರು, ತೂಕ ಇಳಿಯುವುದು, ಕೊನೆಗೆ ಹೊಟ್ಟೆಯಲ್ಲಿ ನೀರು ತುಂಬುವುದು ಇದರ ಲಕ್ಷಣಗಳು. ಆದರೆ ವಯಸ್ಸಾದ ನಾಯಿಯ ಹೃದಯದ ಕವಾಟದ ತೊಂದರೆಯಲ್ಲೂ ಹೀಗೆಯೇ ಆಗುತ್ತದೆ. ಆರಂಭದಲ್ಲಂತೂ ಯಾವ ಲಕ್ಷಣವೂ ಇರುವುದಿಲ್ಲ. ಕೆಮ್ಮು ಕೇಳಿ ಹೃದಯ ಹುಳುವೆಂದು ತೀರ್ಮಾನಿಸಲಾಗದು, ಕೆಮ್ಮಿಲ್ಲವೆಂದು ಹುಳುವಿಲ್ಲ ಎನ್ನಲೂ ಆಗದು.

## ತಡೆಯುವ ಔಷಧಿ

ತಿಂಗಳಿಗೊಮ್ಮೆ ಕೊಡುವ ಮಾತ್ರೆ ಮುಂದಿನ ತಿಂಗಳು ಸೊಳ್ಳೆ ಕಚ್ಚದಂತೆ ಕಾಯುತ್ತದೆಯೇ?

ಹೆಚ್ಚಿನವರು ಹಾಗೆಯೇ ತಿಳಿದಿದ್ದಾರೆ. ಕೆಲಸ ನಡೆಯುವುದು ಹಿಂದುಮುಂದಾಗಿ. ಇವತ್ತು ಕೊಟ್ಟ ಮಾತ್ರೆ ಕಳೆದ ಒಂದು ತಿಂಗಳಲ್ಲಿ ಸೊಳ್ಳೆಗಳು ಚರ್ಮದಡಿ ಬಿಟ್ಟುಹೋದ ಎಳೆಯ ಹುಳುಗಳನ್ನು ಕೊಲ್ಲುತ್ತದೆ. ಎರಡು ತಿಂಗಳು ತುಂಬುವ ಹೊತ್ತಿಗೆ ಹುಳು ಬಲಿತು ಈ ಮಾತ್ರೆಗೆ ಬಗ್ಗದಂತಾಗುತ್ತದೆ. ಆಮೇಲೆ ಅದನ್ನು ಕೊಲ್ಲಲು ಬೇರೆಯೇ ಔಷಧಿ ಬೇಕು. ತಿಂಗಳಿಗೊಮ್ಮೆ ತಪ್ಪದೆ ಕೊಡಬೇಕೆಂದು ನಾವು ಹಠ ಹಿಡಿಯುವುದು ಇದಕ್ಕಾಗಿ.

ಈ ಕೆಲಸ ಮಾಡುವ ಔಷಧಿಗಳು ಒಂದೇ ಕುಟುಂಬದವು: ಐವರ್‌ಮೆಕ್ಟಿನ್, ಮಿಲ್ಬೆಮೈಸಿನ್ ಆಕ್ಸೈಮ್, ಮಾಕ್ಸಿಡೆಕ್ಟಿನ್, ಸೆಲಾಮೆಕ್ಟಿನ್. ನಾಯಿಗೆ ತಿಂಗಳಿಗೊಮ್ಮೆ ಬಾಯಿಯ ಮೂಲಕ ಕೊಡುವಾಗ ಐವರ್‌ಮೆಕ್ಟಿನ್ ಪ್ರತಿ ಕಿಲೋ ತೂಕಕ್ಕೆ 6 ಮೈಕ್ರೋಗ್ರಾಂ, ಮಿಲ್ಬೆಮೈಸಿನ್ 0.5 ಮಿಲಿಗ್ರಾಂ. ಸೆಲಾಮೆಕ್ಟಿನ್ ಹೆಗಲ ನಡುವೆ ಚರ್ಮದ ಮೇಲೆ ಹನಿಸುವಂಥದ್ದು, ಕಿಲೋಗೆ 6 ಮಿಲಿಗ್ರಾಂ. ಮಾಕ್ಸಿಡೆಕ್ಟಿನ್ ಮಾತ್ರೆಯಾಗಿಯೂ ಹನಿಯಾಗಿಯೂ ಇದೆ. ಸರಿಯಾಗಿ ಕೊಟ್ಟರೆ ಎಲ್ಲವೂ ಒಳ್ಳೆಯವೇ. ನಿಮ್ಮ ಊರಿನಲ್ಲಿ ತಪ್ಪದೆ ಸಿಗುವುದು ಯಾವುದು, ನಿಮ್ಮ ನಾಯಿ ಯಾವುದನ್ನು ಒಪ್ಪುತ್ತದೆ ಎಂಬುದನ್ನು ನೋಡಿ ಆರಿಸಿ.

ಐವರ್‌ಮೆಕ್ಟಿನ್ ಮೂಲತಃ ಜಪಾನಿನ ಮಣ್ಣಿನಲ್ಲಿ ಸಿಕ್ಕ ಸೂಕ್ಷ್ಮಜೀವಿಯೊಂದರಿಂದ ಬಂದದ್ದು. ಇದಕ್ಕಾಗಿ ಸತೋಶಿ ಒಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ 2015ರಲ್ಲಿ ನೊಬೆಲ್ ಬಂತು. ನಾಯಿಯ ಹೃದಯ ಹುಳು ತಡೆಯುವ ಮಾಸಿಕ ಮಾತ್ರೆಯಾಗಿ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 1987ರಲ್ಲಿ. ಅದಕ್ಕೆ ಮೊದಲು ದಿನವೂ ಮಾತ್ರೆ ಕೊಡಬೇಕಾಗಿತ್ತು.

ಕೊಟ್ಟಿಗೆಯಲ್ಲಿ ದನಕ್ಕೆ ತಂದ ಐವರ್‌ಮೆಕ್ಟಿನ್ ಇಂಜೆಕ್ಷನ್ ಇದೆ. ಔಷಧಿ ಒಂದೇ ಅಂದ ಮೇಲೆ ಸ್ವಲ್ಪ ನಾಯಿಗೆ ಕೊಟ್ಟರೆ ಆಗದೇ?

ದನ ಸಾಕಿದ ಮನೆಗಳಿಂದ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಲೆಕ್ಕವನ್ನೇ ಮುಂದಿಡುತ್ತೇನೆ.

ದನದ ಇಂಜೆಕ್ಷನ್ ಸಾಮಾನ್ಯವಾಗಿ ಶೇ 1ರದ್ದು. ಅಂದರೆ 1 ಮಿ.ಲೀ.ನಲ್ಲಿ 10 ಮಿಲಿಗ್ರಾಂ, ಅರ್ಥಾತ್ 10,000 ಮೈಕ್ರೋಗ್ರಾಂ. ನಿಮ್ಮ ನಾಯಿ 10 ಕಿಲೋ ಇದ್ದರೆ ಹೃದಯ ಹುಳು ತಡೆಯಲು ಅದಕ್ಕೆ ಬೇಕಾದದ್ದು 60 ಮೈಕ್ರೋಗ್ರಾಂ. ಸೀಸೆಯ ಲೆಕ್ಕದಲ್ಲಿ 0.006 ಮಿ.ಲೀ. ಒಂದು ಮಿ.ಲೀ.ಯ ತೆಳು ಸಿರಿಂಜನ್ನು ಬೆಳಕಿಗೆ ಹಿಡಿದು ನೋಡಿ, ಅದರ ಅತಿ ಸಣ್ಣ ಗೆರೆ 0.01 ಮಿ.ಲೀ. ಬೇಕಾದ ಪ್ರಮಾಣ ಆ ಗೆರೆಗಿಂತಲೂ ಕೆಳಗಿದೆ. ಸೂಜಿಯ ತುದಿಯಲ್ಲಿ ಜಿನುಗುವ ಹನಿಯೂ ಅದಕ್ಕಿಂತ ದೊಡ್ಡದು. ದನದ ತೂಕದ ಲೆಕ್ಕದಲ್ಲೇ ನಾಯಿಗೂ 0.2 ಮಿ.ಲೀ. ಹಾಕಿದರೆ 2,000 ಮೈಕ್ರೋಗ್ರಾಂ ಆಯಿತು. ಬೇಕಾದದ್ದರ ಮೂವತ್ತಮೂರು ಪಟ್ಟು.

ಕಜ್ಜಿಗೆ ವೈದ್ಯರು ಹೆಚ್ಚಿನ ಪ್ರಮಾಣ ಕೊಡುವುದುಂಟು, ನಿಜ. ಆದರೆ ಅವರು ತಳಿ ನೋಡುತ್ತಾರೆ, ರಕ್ತದಲ್ಲಿ ಹುಳುಮರಿ ಇದೆಯೇ ನೋಡುತ್ತಾರೆ, ಕೊಟ್ಟ ಮೇಲೆ ಗಮನಿಸುತ್ತಾರೆ. ಕಾಲಿ, ಶೆಟ್‌ಲ್ಯಾಂಡ್, ಆಸ್ಟ್ರೇಲಿಯನ್ ಶೆಪರ್ಡ್ ತಳಿಗಳಲ್ಲಿ, ಕೆಲವು ಜರ್ಮನ್ ಶೆಪರ್ಡ್‌ಗಳಲ್ಲೂ, ಔಷಧಿಯನ್ನು ಮಿದುಳಿಗೆ ಹೋಗದಂತೆ ತಡೆಯುವ ಒಂದು ವಂಶವಾಹಿ ಕೆಟ್ಟಿರುತ್ತದೆ. ಅಂಥ ನಾಯಿಗೆ ತಿಂಗಳ ಸಣ್ಣ ಪ್ರಮಾಣದಿಂದ ತೊಂದರೆಯಿಲ್ಲ. ದನದ ಪ್ರಮಾಣ ಬಿದ್ದರೆ ಕಣ್ಣಿನ ಪಾಪೆ ಅಗಲವಾಗುತ್ತದೆ, ಜೊಲ್ಲು ಸುರಿಯುತ್ತದೆ, ಹೆಜ್ಜೆ ತಪ್ಪುತ್ತದೆ, ಕಣ್ಣು ಕಾಣದಾಗುತ್ತದೆ, ಪ್ರಜ್ಞೆ ಹೋಗುತ್ತದೆ. ಇದಕ್ಕೆ ನೇರವಾದ ಮದ್ದಿಲ್ಲ. ಆ ಸೀಸೆ ದನದ ಕಪಾಟಿನಲ್ಲೇ ಇರಲಿ.

ಉಣ್ಣೆಗೆಂದು ಮಾತ್ರೆ ಕೊಡುತ್ತಿದ್ದೇವೆ. ಅದರಲ್ಲೇ ಇದೂ ಸೇರಿದೆಯೇ?

ಪೆಟ್ಟಿಗೆಯ ಮೇಲೆ ಬರೆದಿರುವ ಔಷಧಿಯ ಹೆಸರುಗಳನ್ನು ಓದಿ. ಫ್ಲೂರಲಾನರ್ ಅಥವಾ ಅಫಾಕ್ಸೊಲಾನರ್ ಒಂದೇ ಇದ್ದರೆ ಅದು ಉಣ್ಣೆ ಮತ್ತು ಚಿಗಟಕ್ಕೆ ಮಾತ್ರ. ಅದರ ಜೊತೆಗೆ ಮಿಲ್ಬೆಮೈಸಿನ್ ಅಥವಾ ಮಾಕ್ಸಿಡೆಕ್ಟಿನ್ ಸೇರಿದ್ದರೆ ಹೃದಯ ಹುಳುವಿಗೂ ಆಯಿತು. ನೆಕ್ಸ್‌ಗಾರ್ಡ್ ಮತ್ತು ನೆಕ್ಸ್‌ಗಾರ್ಡ್ ಸ್ಪೆಕ್ಟ್ರಾ ಹೆಸರಿನಲ್ಲಿ ಹತ್ತಿರದವು, ಆದರೆ ಮಿಲ್ಬೆಮೈಸಿನ್ ಇರುವುದು ಎರಡನೆಯದರಲ್ಲಿ ಮಾತ್ರ. ಅವಸರದಲ್ಲಿ ಅಂಗಡಿಯವರು ಒಂದರ ಬದಲು ಇನ್ನೊಂದನ್ನು ಕೊಡಬಹುದು. ಮಲೆನಾಡಿನ ಕಡೆ ಉಣ್ಣೆಯ ಔಷಧಿಯೂ ಬೇಕೇ ಬೇಕು, ಒಂದಿದೆ ಎಂದು ಇನ್ನೊಂದನ್ನು ಬಿಡಬೇಡಿ.

ಮಳೆಗಾಲದಲ್ಲಿ ಮಾತ್ರ ಕೊಟ್ಟರೆ ಸಾಲದೇ? ಶಿರಸಿಯಲ್ಲಿ ಚಳಿಗಾಲದಲ್ಲಿ ಸೊಳ್ಳೆ ಕಡಿಮೆ.

ಸೊಳ್ಳೆಯೊಳಗೆ ಹುಳುಮರಿ ಬೆಳೆಯುವುದು ನಿಲ್ಲಬೇಕಾದರೆ ಉಷ್ಣಾಂಶ 14 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಉಳಿಯಬೇಕು. ಕಾರವಾರದಲ್ಲಿ ಅಂಥ ದಿನವೇ ಇಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಪುಷ್ಯದ ಬೆಳಗಿನ ಜಾವ ಎಷ್ಟು ಕೊರೆದರೂ ಮಧ್ಯಾಹ್ನಕ್ಕೆ ಬಿಸಿಲು ಕಾಯುತ್ತದೆ, ಬೆಳವಣಿಗೆ ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಬೇಸಿಗೆಯಲ್ಲೂ ತೋಟಕ್ಕೆ ನೀರು ಬಿಡುತ್ತೀರಿ, ಬಚ್ಚಲ ನೀರು ಬಾಳೆಬುಡಕ್ಕೆ ಹರಿಯುತ್ತದೆ. ನಮ್ಮ ಜಿಲ್ಲೆಯಲ್ಲಿ ವರ್ಷದ ಹನ್ನೆರಡು ತಿಂಗಳೂ ಕೊಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಎರಡು ತಿಂಗಳು ಮರೆತುಬಿಟ್ಟೆವು. ಈಗ ಎರಡು ಮಾತ್ರೆ ಒಟ್ಟಿಗೆ ಕೊಡಬೇಕೇ?

ಬೇಡ. ಒಂದೇ ಮಾತ್ರೆಯನ್ನು ಇವತ್ತೇ ಕೊಡಿ, ಆಮೇಲೆ ತಿಂಗಳು ತಿಂಗಳು ಮುಂದುವರಿಸಿ. ಬಿಟ್ಟುಹೋದ ಅವಧಿಯಲ್ಲಿ ಒಳಸೇರಿದ ಹುಳು ಈಗ ಪರೀಕ್ಷೆಗೆ ಸಿಗುವುದಿಲ್ಲ, ಆದ್ದರಿಂದ ಆರು ತಿಂಗಳ ನಂತರ ರಕ್ತ ಪರೀಕ್ಷೆ ಮಾಡಿಸಿ. ಗ್ಯಾಸ್ ಸಿಲಿಂಡರಿನ ದಿನಾಂಕ ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲೇ ಇದನ್ನೂ ಬರೆದಿಡಿ.

ಮರಿ ತಂದಿದ್ದೇವೆ. ಯಾವಾಗ ಶುರು ಮಾಡಬೇಕು?

ಎಂಟು ವಾರದೊಳಗೆ. ಏಳು ತಿಂಗಳಿಗಿಂತ ಚಿಕ್ಕ ಮರಿಗೆ ಮೊದಲು ಪರೀಕ್ಷೆ ಮಾಡಿಸಬೇಕಾಗಿಲ್ಲ, ಪತ್ತೆಯಾಗುವಷ್ಟು ಬಲಿತ ಹುಳು ಆ ವಯಸ್ಸಿಗೆ ಇರುವುದಿಲ್ಲ. ಆರು ತಿಂಗಳ ನಂತರ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ ಸಾಕು. ಮರಿಯ ತೂಕ ವಾರವಾರಕ್ಕೆ ಏರುತ್ತದೆ, ಕಳೆದ ತಿಂಗಳ ತೂಕಕ್ಕೆ ತಂದ ಮಾತ್ರೆ ಈ ತಿಂಗಳಿಗೆ ಕಡಿಮೆಯಾಗಬಹುದು. ಪ್ರತಿ ಸಲ ತೂಗಿ.

ಮಾತ್ರೆ ಬಾಯಿಗಿಟ್ಟರೆ ಉಗುಳುತ್ತದೆ.

ದೋಸೆಯ ತುಂಡಿನಲ್ಲಿ ಸುತ್ತಿ, ಇಲ್ಲವೇ ಮುಳ್ಳು ತೆಗೆದ ಬೇಯಿಸಿದ ಬಂಗಡೆಯೊಳಗಿಟ್ಟು ಕೊಡಿ. ಮೊದಲು ಮಾತ್ರೆಯಿಲ್ಲದ ತುತ್ತು, ಆಮೇಲೆ ಮಾತ್ರೆಯ ತುತ್ತು, ತಕ್ಷಣ ಇನ್ನೊಂದು ಖಾಲಿ ತುತ್ತು. ಕೊಟ್ಟ ಮೇಲೆ ಒಂದು ಗಂಟೆ ಕಣ್ಣಿಡಿ. ತೋಟದ ಮೂಲೆಗೆ ಹೋಗಿ ಕಕ್ಕಿದರೆ ನಿಮಗೆ ಗೊತ್ತೇ ಆಗುವುದಿಲ್ಲ.

ಬೇವಿನ ಸೊಪ್ಪಿನ ಹೊಗೆ, ನಾವು ಹಚ್ಚಿಕೊಳ್ಳುವ ಸೊಳ್ಳೆ ಮುಲಾಮು ಇವುಗಳಿಂದಲೇ ತಡೆಯಬಹುದಲ್ಲವೇ?

ಹೊಗೆ ಹಾಕಿದಷ್ಟು ಹೊತ್ತು ಸೊಳ್ಳೆ ದೂರವಿದ್ದೀತು. ಒಂದೇ ಸೊಳ್ಳೆಯ ಕಡಿತ ಸಾಕಾಗುವ ರೋಗಕ್ಕೆ ಅದನ್ನು ನೆಚ್ಚಿಕೊಳ್ಳಲಾಗದು. ನಾಯಿ ಮಲಗುವ ಜಾಗಕ್ಕೆ ಸೊಳ್ಳೆಪರದೆ ಕಟ್ಟುವುದು, ಹಾಳೆ, ಗೆರಟೆ ಕವುಚಿ ಹಾಕುವುದು ಒಳ್ಳೆಯ ಕೆಲಸ, ಮಾಡಿ. ಡೀಟ್ ಇರುವ ಮುಲಾಮನ್ನು ಮಾತ್ರ ನಾಯಿ ಬೆಕ್ಕುಗಳಿಗೆ ಹಚ್ಚಬೇಡಿ. ಅವು ಮೈ ನೆಕ್ಕಿಕೊಳ್ಳುತ್ತವೆ, ಅದು ಅವಕ್ಕೆ ವಿಷ.

## ಪರೀಕ್ಷೆ

ತಡೆಯುವ ಮಾತ್ರೆಗೂ ಮೊದಲು ರಕ್ತ ಪರೀಕ್ಷೆ ಯಾಕೆ? ಹುಳು ಇದ್ದರೆ ಸಾಯಲಿ, ಇಲ್ಲದಿದ್ದರೆ ನಷ್ಟವೇನು?

ನಷ್ಟ ನಾಯಿಗೆ. ರಕ್ತದಲ್ಲಿ ಮರಿಗಳು ತುಂಬಿದ್ದಾಗ ಮಿಲ್ಬೆಮೈಸಿನ್‌ನಂಥ ಔಷಧಿ ಕೊಟ್ಟರೆ ಅವು ಒಮ್ಮೆಲೇ ಸಾಯುತ್ತವೆ, ಆಗ ನಾಯಿ ನಿತ್ರಾಣಗೊಂಡು ಕುಸಿಯಬಹುದು. ಬೆಳೆದ ಹುಳುಗಳಂತೂ ಈ ಮಾತ್ರೆಗೆ ಸಾಯುವುದಿಲ್ಲ. ಮಾತ್ರೆ ಕೊಡುತ್ತಿದ್ದೇವಲ್ಲ ಎಂದು ನೀವು ನಿಶ್ಚಿಂತರಾಗಿರುತ್ತೀರಿ, ಒಳಗೆ ನಾಳ ಹಾಳಾಗುತ್ತಿರುತ್ತದೆ. ಏಳು ತಿಂಗಳು ದಾಟಿದ ನಾಯಿಗೆ ಪರೀಕ್ಷೆಯಿಲ್ಲದೆ ಶುರು ಮಾಡುವುದು ಬೇಡ.

ರಕ್ತದಲ್ಲಿ ಹುಳುಮರಿ ಕಂಡಿತು ಎಂದರು. ಕಿಟ್ ಪರೀಕ್ಷೆ ನೆಗೆಟಿವ್ ಬಂತು. ಯಾವುದನ್ನು ನಂಬಬೇಕು?

ಎರಡೂ ಸರಿಯಿರಬಹುದು. ನಮ್ಮ ಜಿಲ್ಲೆಯ ಮಟ್ಟಿಗೆ ಇದು ಬಹಳ ಮುಖ್ಯವಾದ ಪ್ರಶ್ನೆ.

ಕಿಟ್ ಹುಡುಕುವುದು ಬೆಳೆದ ಹೆಣ್ಣು ಹೃದಯ ಹುಳು ರಕ್ತಕ್ಕೆ ಬಿಡುವ ಒಂದು ಪ್ರೋಟೀನನ್ನು. ಸೋಂಕು ತಗುಲಿ ಐದು ಆರು ತಿಂಗಳಾಗುವವರೆಗೆ ಅದು ಸಿಗುವುದಿಲ್ಲ. ಬರೀ ಗಂಡು ಹುಳುಗಳಿದ್ದರೆ, ಹುಳು ಒಂದೆರಡೇ ಇದ್ದರೆ, ನಾಯಿಯ ದೇಹದ ಪ್ರತಿಕಾಯಗಳು ಆ ಪ್ರೋಟೀನನ್ನು ಹಿಡಿದುಕೊಂಡಿದ್ದರೆ ಕಿಟ್ ಸುಮ್ಮನಿರುತ್ತದೆ.

ಸೂಕ್ಷ್ಮದರ್ಶಕ ಹುಡುಕುವುದು ಮರಿಗಳನ್ನು. ಗಾಜಿನ ಮೇಲೆ ಹಸಿ ರಕ್ತದ ಹನಿ ಇಟ್ಟು ನೋಡಿದರೆ ಕೆಂಪು ರಕ್ತಕಣಗಳು ಅಲ್ಲಲ್ಲಿ ನೂಕಿಸಿಕೊಂಡು ಅಲುಗುತ್ತವೆ, ಆ ಅಲುಗಾಟದ ನಡುವೆ ಕೂದಲೆಳೆಗಿಂತ ತೆಳುವಾದ ಮರಿ ಹೊಸೆದುಕೊಳ್ಳುತ್ತಿರುತ್ತದೆ. ಹೃದಯ ಹುಳುವಿನ ಮರಿ ಹೆಚ್ಚಾಗಿ ಇದ್ದಲ್ಲೇ ಒದ್ದಾಡುತ್ತದೆ. ಚಿಗಟದಿಂದ ಹರಡುವ, ಅಪಾಯವಿಲ್ಲದ ಇನ್ನೊಂದು ಹುಳುವಿನ ಮರಿ ಸರಸರನೆ ಹರಿದು ಕಣ್ಣಳತೆಯಿಂದ ಆಚೆ ಹೋಗಿಬಿಡುತ್ತದೆ. ಆದರೆ ನಡೆಯೊಂದನ್ನೇ ನೋಡಿ ಹೆಸರು ಹೇಳಲಾಗದು. ಒಂದು ಮಿ.ಲೀ. ರಕ್ತವನ್ನು ಶೇ 2ರ ಫಾರ್ಮಲಿನ್‌ನಲ್ಲಿ ಬೆರೆಸಿ, ಯಂತ್ರದಲ್ಲಿ ತಿರುಗಿಸಿ, ಕೆಳಗೆ ನಿಂತ ಗಸಿಗೆ ನೀಲಿ ಬಣ್ಣ ಹಾಕಿ ತಲೆ, ಬಾಲ, ಉದ್ದ ಅಳೆದು ನೋಡಬೇಕು. ಇದು ನಾಟ್ ಪರೀಕ್ಷೆ.

ಕರಾವಳಿಯಲ್ಲಿ ರೆಪೆನ್ಸ್ ಇರುವುದರಿಂದ ಮರಿ ಕಂಡೊಡನೆ ಹೃದಯ ಹುಳುವೆಂದು ಬಲಿತ ಹುಳು ಕೊಲ್ಲುವ ಔಷಧಿಗೆ ಕೈ ಹಾಕಬಾರದು. ಮರಿ ಯಾವ ಜಾತಿಯದು ಎಂದು ಕೇಳಿ. ಸ್ಥಳೀಯವಾಗಿ ಆಗದಿದ್ದರೆ ಮಾದರಿಯನ್ನು ಎಲ್ಲಿಗೆ ಕಳುಹಿಸಬೇಕೆಂದು ವೈದ್ಯರೇ ಹೇಳುತ್ತಾರೆ. ಘಟ್ಟದ ಮೇಲಿನವರಿಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ದೂರವೇನಲ್ಲ.

## ರೋಗ ಖಚಿತವಾದ ಮೇಲೆ

ಪಾಸಿಟಿವ್ ಬಂತು. ಇವತ್ತೇ ಹುಳು ಸಾಯಿಸುವ ಇಂಜೆಕ್ಷನ್ ಕೊಡಿಸಿ.

ನಿಮ್ಮ ಆತಂಕ ಅರ್ಥವಾಗುತ್ತದೆ. ಆದರೆ ಈ ರೋಗದಲ್ಲಿ ಅವಸರವೇ ಅಪಾಯ. ಸತ್ತ ಹುಳು ಮಾಯವಾಗುವುದಿಲ್ಲ, ತುಂಡುಗಳಾಗಿ ಶ್ವಾಸಕೋಶದ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಒಂದೇ ದಿನ ಎಲ್ಲ ಸತ್ತರೆ ಉಸಿರೇ ಕಟ್ಟುತ್ತದೆ.

ಜಗತ್ತಿನ ಹೆಚ್ಚಿನ ಕಡೆ ಒಪ್ಪಿರುವ ಕ್ರಮ ಹೀಗಿದೆ. ರೋಗ ಖಚಿತವಾದ ದಿನದಿಂದಲೇ ಓಡಾಟಕ್ಕೆ ಕಡಿವಾಣ, ವೈದ್ಯರ ಕಣ್ಗಾವಲಿನಲ್ಲಿ ತಡೆಯುವ ಔಷಧಿ. ಮೊದಲ ನಾಲ್ಕು ವಾರ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೊಟಿಕ್. ಆಮೇಲೆ ಒಂದು ತಿಂಗಳು ಬಿಡುವು. 60ನೇ ದಿನ ಮೆಲಾರ್ಸೊಮಿನ್ ಇಂಜೆಕ್ಷನ್ ಒಂದು, 90ನೇ ದಿನ ಎರಡನೆಯದು, 91ನೇ ದಿನ ಮೂರನೆಯದು. ಮೆಲಾರ್ಸೊಮಿನ್ ಆರ್ಸೆನಿಕ್ ಸೇರಿದ ಔಷಧಿ, ಸೊಂಟದ ಬೆನ್ನುಸ್ನಾಯುವಿನಲ್ಲಿ ಆಳಕ್ಕೆ ಕೊಡಬೇಕು, ಪ್ರತಿ ಕಿಲೋಗೆ 2.5 ಮಿಲಿಗ್ರಾಂ. ಕೊಟ್ಟ ಜಾಗ ನೋಯುತ್ತದೆ, ಊದಿಕೊಳ್ಳುತ್ತದೆ. ಮೊದಲ ಇಂಜೆಕ್ಷನ್ ಒಂದು ಪಾಲು ಹುಳುಗಳನ್ನು ಕೊಲ್ಲುತ್ತದೆ, ಆ ತುಂಡುಗಳನ್ನು ಅರಗಿಸಿಕೊಳ್ಳಲು ದೇಹಕ್ಕೆ ತಿಂಗಳು ಸಮಯ ಸಿಗುತ್ತದೆ, ಉಳಿದವು ನಂತರದ ಎರಡರಲ್ಲಿ ಸಾಯುತ್ತವೆ. ಮೂರು ಇಂಜೆಕ್ಷನ್‌ಗಳಲ್ಲಿ ಸುಮಾರು ಶೇ 98ರಷ್ಟು ಹುಳುಗಳು ಹೋಗುತ್ತವೆ, ಎರಡೇ ಕೊಟ್ಟರೆ ಸುಮಾರು ಶೇ 90. ಉರಿಯೂತ ತಗ್ಗಿಸಲು ಪ್ರೆಡ್ನಿಸೊಲೋನ್ ಕೊಟ್ಟು ಕ್ರಮೇಣ ಇಳಿಸುತ್ತಾರೆ. ಆಸ್ಪಿರಿನ್ ಇದಕ್ಕೆ ಬೇಡ.

ಹುಳುವಿನ ಕಾಯಿಲೆಗೆ ಆಂಟಿಬಯೊಟಿಕ್ ಯಾಕೆ? ಅಂಗಡಿಯವರು ಸುಮ್ಮನೆ ಬರೆದಿದ್ದಾರೆ ಎಂದರು.

ಸುಮ್ಮನೆ ಅಲ್ಲ. ಹೃದಯ ಹುಳುವಿನ ದೇಹದೊಳಗೆ ವುಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ವಾಸವಾಗಿದೆ. ಅದಿಲ್ಲದೆ ಹುಳು ಸೊರಗುತ್ತದೆ, ಮರಿ ಹಾಕಲಾರದು. ಹುಳು ಸತ್ತಾಗ ಈ ಬ್ಯಾಕ್ಟೀರಿಯಾ ರಕ್ತಕ್ಕೆ ಬಿಡುಗಡೆಯಾಗಿ ಶ್ವಾಸಕೋಶದ ಉರಿಯೂತವನ್ನು ಹೆಚ್ಚಿಸುತ್ತದೆ. ಡಾಕ್ಸಿಸೈಕ್ಲಿನ್‌ನಿಂದ ಮೊದಲು ಅದನ್ನು ಕಳೆದರೆ ಇಂಜೆಕ್ಷನ್ ನಂತರದ ತೊಂದರೆ ಕಡಿಮೆ. ಪ್ರಮಾಣ ಕಿಲೋಗೆ 10 ಮಿಲಿಗ್ರಾಂ, ದಿನಕ್ಕೆ ಎರಡು ಸಲ, 28 ದಿನ. ಹೊಟ್ಟೆ ತೊಳಸುತ್ತದೆ, ಆದ್ದರಿಂದ ಊಟದ ಜೊತೆ ಕೊಡಿ. ಒಂದು ವಾರಕ್ಕೆ ನಾಯಿ ಚುರುಕಾಯಿತೆಂದು ನಿಲ್ಲಿಸಬೇಡಿ.

ಮೆಲಾರ್ಸೊಮಿನ್ ಎಲ್ಲಿ ಕೇಳಿದರೂ ಇಲ್ಲ ಎನ್ನುತ್ತಾರೆ. ಹಾಗಾದರೆ ದಾರಿಯೇ ಇಲ್ಲವೇ?

ಇದು ಊರಿನ ಔಷಧಿ ಅಂಗಡಿಯಲ್ಲಿ ಕೇಳಿದೊಡನೆ ಸಿಗುವ ಇಂಜೆಕ್ಷನ್ ಅಲ್ಲ, ನಿಜ. ಸಿಗದ ಕಡೆ ಅನುಸರಿಸುವ ಇನ್ನೊಂದು ದಾರಿಯಿದೆ. ನಾಲ್ಕು ವಾರ ಡಾಕ್ಸಿಸೈಕ್ಲಿನ್, ಜೊತೆಗೆ ತಿಂಗಳು ತಿಂಗಳು ಚರ್ಮಕ್ಕೆ ಹನಿಸುವ ಮಾಕ್ಸಿಡೆಕ್ಟಿನ್. ಹುಳುಗಳು ನಿಧಾನವಾಗಿ ಸೊರಗಿ ಸಾಯುತ್ತವೆ. ಒಂದು ವರ್ಷಕ್ಕೂ ಹೆಚ್ಚು ಹಿಡಿಯಬಹುದು, ಅಷ್ಟೂ ಕಾಲ ಶ್ವಾಸಕೋಶದ ನಾಳಗಳಿಗೆ ಪೆಟ್ಟು ಬೀಳುತ್ತಲೇ ಇರುತ್ತದೆ, ಅಷ್ಟೂ ಕಾಲ ನಾಯಿಯನ್ನು ಓಡಲು ಬಿಡುವಂತಿಲ್ಲ. ಆರು ತಿಂಗಳಿಗೊಮ್ಮೆ ಕಿಟ್ ಪರೀಕ್ಷೆ ಮಾಡಿಸುತ್ತ, ಎರಡು ಸಲ ಸತತ ನೆಗೆಟಿವ್ ಬರುವವರೆಗೆ ಮುಂದುವರಿಸಬೇಕು. ಮೆಲಾರ್ಸೊಮಿನ್ ಸಿಗುವಂತಿದ್ದರೆ ಅದನ್ನೇ ಆರಿಸಿ ಎನ್ನುತ್ತೇನೆ. ಸಿಗದಿದ್ದರೆ ಏನೂ ಮಾಡದೆ ಕೂರುವುದಕ್ಕಿಂತ ಇದು ಎಷ್ಟೋ ಮೇಲು.

ನಮ್ಮದು ತೋಟದಲ್ಲಿ ಮಂಗ ಓಡಿಸುವ ನಾಯಿ. ತಿಂಗಳುಗಟ್ಟಲೆ ಕಟ್ಟಿಹಾಕಲು ಆಗುತ್ತದೆಯೇ?

ಕಟ್ಟಲೇಬೇಕು. ಚಿಕಿತ್ಸೆಯಲ್ಲಿ ಔಷಧಿಯಷ್ಟೇ ತೂಕ ಇದಕ್ಕಿದೆ, ಮತ್ತು ಮನೆಯವರು ಸೋಲುವುದು ಇಲ್ಲಿಯೇ. ನಾಯಿ ಓಡಿದಾಗ ಹೃದಯ ಜೋರಾಗಿ ಬಡಿದು ಸತ್ತ ಹುಳುವಿನ ತುಂಡುಗಳನ್ನು ನಾಳಗಳಲ್ಲಿ ಮುಂದಕ್ಕೆ ತಳ್ಳುತ್ತದೆ. ಇಂಜೆಕ್ಷನ್ ಆದ ಏಳರಿಂದ ಹತ್ತನೇ ದಿನದ ಹೊತ್ತಿಗೆ ಅಪಾಯ ಹೆಚ್ಚು, ನಾಲ್ಕು ವಾರದವರೆಗೂ ಭಯ ಇದ್ದೇ ಇರುತ್ತದೆ. ಕೊನೆಯ ಇಂಜೆಕ್ಷನ್ ನಂತರ ಆರರಿಂದ ಎಂಟು ವಾರ ಪೂರ್ತಿ ವಿಶ್ರಾಂತಿ ಬೇಕು.

ಮಂಗನ ಸದ್ದು ಕೇಳಿದರೆ ಇಂಥ ನಾಯಿ ಸರಪಳಿ ಜಗ್ಗಿ ಜಗ್ಗಿ ಸುಸ್ತಾಗುತ್ತದೆ. ಆ ಜಗ್ಗಾಟವೂ ಶ್ರಮವೇ. ಆದ್ದರಿಂದ ತೋಟ ಕಾಣುವ ಜಗಲಿಯಲ್ಲಿ ಕಟ್ಟಬೇಡಿ, ಒಳಗಿನ ಕೋಣೆಯಲ್ಲಿಡಿ. ಮೂತ್ರಕ್ಕೆ ಚಿಕ್ಕ ಹಗ್ಗ ಹಿಡಿದು ಕರೆದೊಯ್ಯಿರಿ. ತೀರಾ ಚಡಪಡಿಸಿದರೆ ಶಾಂತಗೊಳಿಸುವ ಮಾತ್ರೆಗಳಿವೆ, ವೈದ್ಯರನ್ನು ಕೇಳಿ. ಕೊಯ್ಲಿನ ಹೊತ್ತಿಗೆ ನಾಯಿ ಬೇಕೇ ಬೇಕು ಎನ್ನುವ ಮನೆಯಾದರೆ ಇಂಜೆಕ್ಷನ್‌ಗಳ ದಿನವನ್ನು ಮೊದಲೇ ವೈದ್ಯರ ಜೊತೆ ಕುಳಿತು ಹೊಂದಿಸಿಕೊಳ್ಳಿ. ಈ ದಿನಗಳಲ್ಲಿ ಕೆಮ್ಮಿನಲ್ಲಿ ರಕ್ತ, ಜ್ವರ, ಏದುಸಿರು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ.

ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದೆ, ನಾಯಿ ಏಳುತ್ತಿಲ್ಲ.

ಓದುವುದನ್ನು ನಿಲ್ಲಿಸಿ ಆಸ್ಪತ್ರೆಗೆ ಹೊರಡಿ. ನಮ್ಮ ಕಡೆ ಈ ಬಣ್ಣಕ್ಕೆ ಉಣ್ಣೆಯಿಂದ ಬರುವ ಬೆಬೀಸಿಯಾ ಸೋಂಕು ಹೆಚ್ಚಾಗಿ ಕಾರಣ, ಅದಕ್ಕೂ ತುರ್ತು ಚಿಕಿತ್ಸೆ ಬೇಕು. ಹೃದಯ ಹುಳುಗಳು ಹೃದಯದ ಬಲಭಾಗದ ಕವಾಟಕ್ಕೆ ಸುತ್ತಿಕೊಂಡು ರಕ್ತದ ಹರಿವಿಗೆ ಅಡ್ಡವಾದಾಗಲೂ ಹೀಗಾಗುತ್ತದೆ. ಆ ಸ್ಥಿತಿಯಲ್ಲಿ ಯಾವ ಔಷಧಿಯೂ ಉಳಿಸದು, ಕುತ್ತಿಗೆಯ ದೊಡ್ಡ ಅಭಿಧಮನಿಯ ಮೂಲಕ ಉಪಕರಣ ಇಳಿಸಿ ಹುಳುಗಳನ್ನು ಹೊರಗೆಳೆಯಬೇಕು. ಅದು ದೊಡ್ಡ ಆಸ್ಪತ್ರೆಯ ಕೆಲಸ.

ನಾಟಿ ಔಷಧಿ ಇದೆಯೇ?

ಬಲಿತ ಹುಳುವನ್ನು ಕೊಲ್ಲುತ್ತದೆ ಎಂದು ಸಾಬೀತಾದ ಬೇರು, ಕಷಾಯ ಯಾವುದೂ ಇಲ್ಲ.

## ಬೆಕ್ಕುಗಳಿಗೆ

ನಮ್ಮ ಬೆಕ್ಕು ಮನೆಯೊಳಗೇ ಇರುತ್ತದೆ. ಅದಕ್ಕೂ ಬರುತ್ತದೆಯೇ?

ಸೊಳ್ಳೆ ಮನೆಯೊಳಗೆ ಬರುತ್ತದಲ್ಲ. ಬೆಕ್ಕಿನ ದೇಹ ಈ ಹುಳುವಿಗೆ ಒಗ್ಗುವುದಿಲ್ಲ, ಹೆಚ್ಚಿನವು ಬೆಳೆಯುವ ಮೊದಲೇ ಸಾಯುತ್ತವೆ. ಬಲಿಯುವುದು ಸಾಮಾನ್ಯವಾಗಿ ಒಂದೆರಡು, ಎರಡು ಮೂರು ವರ್ಷ ಬದುಕುತ್ತವೆ. ಆದರೆ ಬೆಕ್ಕಿನ ಹೃದಯ ಚಿಕ್ಕದು, ಒಂದೇ ಹುಳುವೂ ಅದಕ್ಕೆ ಭಾರ. ಎಳೆಯ ಹುಳುಗಳು ಶ್ವಾಸಕೋಶಕ್ಕೆ ಬಂದು ಸಾಯುವಾಗಲೇ ಉಬ್ಬಸದಂಥ ಕೆಮ್ಮು, ಬಾಯಿ ತೆರೆದು ಉಸಿರಾಡುವುದು, ಊಟಕ್ಕೆ ಸಂಬಂಧವಿಲ್ಲದ ವಾಂತಿ ಶುರುವಾಗುತ್ತದೆ. ಕೆಲವು ಬೆಕ್ಕುಗಳು ಯಾವ ಸೂಚನೆಯೂ ಇಲ್ಲದೆ ಸಾಯುತ್ತವೆ. ಹುಳು ಕಡಿಮೆ ಇರುವುದರಿಂದ ಕಿಟ್ ಪರೀಕ್ಷೆ ಬೆಕ್ಕಿನಲ್ಲಿ ಹಲವು ಸಲ ನೆಗೆಟಿವ್ ಬರುತ್ತದೆ. ಪ್ರತಿಕಾಯದ ಪರೀಕ್ಷೆ, ಎಕ್ಸ್‌ರೇ, ಹೃದಯದ ಸ್ಕ್ಯಾನ್ ಎಲ್ಲವನ್ನೂ ಕೂಡಿಸಿ ನೋಡಬೇಕಾಗುತ್ತದೆ. ಸ್ಕ್ಯಾನಿನಲ್ಲಿ ಹುಳು ಎರಡು ಹೊಳೆಯುವ ಸಮಾನಾಂತರ ಗೆರೆಗಳಾಗಿ ಕಾಣುತ್ತದೆ.

ನಾಯಿಯ ಔಷಧಿಯಲ್ಲೇ ಅರ್ಧ ಬೆಕ್ಕಿಗೆ ಹಾಕಿದರೆ?

ಬೇಡ. ಎರಡು ಕಾರಣ. ಮೊದಲನೆಯದು, ಪ್ರಮಾಣ ಬೇರೆ. ಐವರ್‌ಮೆಕ್ಟಿನ್ ನಾಯಿಗೆ ಕಿಲೋಗೆ 6 ಮೈಕ್ರೋಗ್ರಾಂ ಆದರೆ ಬೆಕ್ಕಿಗೆ 24. ಮಿಲ್ಬೆಮೈಸಿನ್ ಬೆಕ್ಕಿಗೆ 2 ಮಿಲಿಗ್ರಾಂ. ಅರ್ಧ ಮಾಡಿದರೆ ತಡೆ ಸಾಲದು. ಎರಡನೆಯದು ಇನ್ನೂ ಗಂಭೀರ: ನಾಯಿಯ ಚರ್ಮಕ್ಕೆ ಹನಿಸುವ ಕೆಲವು ಔಷಧಿಗಳಲ್ಲಿ ಪರ್ಮೆಥ್ರಿನ್ ಇರುತ್ತದೆ. ಅದು ಬೆಕ್ಕಿಗೆ ಮಾರಕ ವಿಷ, ನಡುಕ ಹಿಡಿದು, ಸೆಳವು ಬಂದು ಸಾಯುತ್ತದೆ. ನಾಯಿಗೆ ಪರ್ಮೆಥ್ರಿನ್ ಹಾಕಿದ ದಿನ ಬೆಕ್ಕು ಅದರ ಮೈಗೆ ಒರಗಿ ಮಲಗದಂತೆ ನೋಡಿಕೊಳ್ಳಿ. ಬೆಕ್ಕಿಗೆಂದೇ ಬರುವ ಸೆಲಾಮೆಕ್ಟಿನ್ ಅಥವಾ ಮಾಕ್ಸಿಡೆಕ್ಟಿನ್ ಹನಿಯನ್ನು ಕುತ್ತಿಗೆಯ ಹಿಂಭಾಗದಲ್ಲಿ, ನಾಲಿಗೆ ಎಟುಕದಲ್ಲಿ, ಕೂದಲು ಸರಿಸಿ ಚರ್ಮಕ್ಕೇ ಹಾಕಿ.

ಬೆಕ್ಕಿಗೆ ರೋಗ ಬಂದರೆ ಚಿಕಿತ್ಸೆ ಏನು?

ಬಲಿತ ಹುಳುವನ್ನು ಕೊಲ್ಲುವ ಸುರಕ್ಷಿತ ಔಷಧಿ ಬೆಕ್ಕಿಗೆ ಇಲ್ಲ. ಮೆಲಾರ್ಸೊಮಿನ್ ಬೆಕ್ಕಿಗೆ ಕೊಡುವಂತಿಲ್ಲ. ಪ್ರೆಡ್ನಿಸೊಲೋನ್‌ನಿಂದ ಉರಿಯೂತ ತಗ್ಗಿಸಿ, ಉಸಿರಾಟಕ್ಕೆ ಆಸರೆ ಕೊಟ್ಟು, ಹುಳು ತಾನಾಗಿ ಸಾಯುವವರೆಗೆ ಬೆಕ್ಕನ್ನು ಕಾಪಾಡಿಕೊಳ್ಳಬೇಕು. ಹೊಸ ಹುಳು ಸೇರದಂತೆ ತಡೆಯುವ ಔಷಧಿ ಮುಂದುವರಿಯಬೇಕು. ಗುಣಪಡಿಸುವ ದಾರಿ ಇಷ್ಟು ಇಕ್ಕಟ್ಟಾಗಿರುವುದರಿಂದಲೇ ಬೆಕ್ಕಿನ ವಿಷಯದಲ್ಲಿ ತಡೆಯುವುದಕ್ಕೆ ನಾನು ಹೆಚ್ಚು ಒತ್ತು ಕೊಡುತ್ತೇನೆ.

## ಇನ್ನೂ ಮುಂದಿನ ಪ್ರಶ್ನೆಗಳು

ಹುಳುಗಳು ಈ ಔಷಧಿಗಳಿಗೆ ಬಗ್ಗುವುದಿಲ್ಲ ಎಂದು ಓದಿದೆ. ಹಾಗಾದರೆ ಕೊಟ್ಟು ಏನು ಪ್ರಯೋಜನ?

ಅಮೆರಿಕದ ಮಿಸಿಸಿಪ್ಪಿ ನದಿಯ ಕೆಳದಂಡೆಯ ಪ್ರದೇಶದಲ್ಲಿ ಪ್ರತಿರೋಧವಿರುವ ಹುಳುಗಳು ಪತ್ತೆಯಾಗಿವೆ, ಇದು ಸಾಬೀತಾದ ಸಂಗತಿ. ಆದರೆ ಮಾತ್ರೆ ಕೊಡುತ್ತಿದ್ದರೂ ರೋಗ ಬಂತು ಎನ್ನುವ ಹೆಚ್ಚಿನ ಪ್ರಕರಣಗಳಲ್ಲಿ ಕಾರಣ ತಪ್ಪಿದ ತಿಂಗಳು, ಕಡಿಮೆಯಾದ ಪ್ರಮಾಣ ಅಥವಾ ಕಕ್ಕಿದ ಮಾತ್ರೆ. ರೋಗವಿರುವ ನಾಯಿಗೆ ವರ್ಷಗಟ್ಟಲೆ ತಡೆಯುವ ಮಾತ್ರೆ ಒಂದನ್ನೇ ಕೊಡುತ್ತ ಹೋಗುವುದು ಪ್ರತಿರೋಧ ಹೆಚ್ಚಲು ದಾರಿಯಾಗುತ್ತದೆ ಎಂಬ ಕಳವಳ ತಜ್ಞರಿಗಿದೆ. ವರ್ಷಕ್ಕೊಮ್ಮೆ ಪರೀಕ್ಷೆ ಬೇಕೆನ್ನುವುದಕ್ಕೆ ಇದೂ ಒಂದು ಕಾರಣ.

ಚಿಕಿತ್ಸೆ ಮುಗಿಯಿತು. ಹುಳು ಪೂರ್ತಿ ಹೋಗಿದೆ ಎಂದು ಯಾವಾಗ ತಿಳಿಯುತ್ತದೆ? ಮತ್ತೆ ಬರುತ್ತದೆಯೇ?

ಕೊನೆಯ ಮೆಲಾರ್ಸೊಮಿನ್ ಇಂಜೆಕ್ಷನ್ ಆದ ಒಂದು ತಿಂಗಳಿಗೆ ರಕ್ತದಲ್ಲಿ ಮರಿಗಳಿವೆಯೇ ನೋಡುತ್ತಾರೆ, ಒಂಬತ್ತು ತಿಂಗಳಿಗೆ ಕಿಟ್ ಪರೀಕ್ಷೆ. ಅದಕ್ಕೂ ಮೊದಲು ಕಿಟ್ ಮಾಡಿಸಿದರೆ ಸತ್ತ ಹುಳುವಿನ ಪ್ರೋಟೀನೇ ಉಳಿದು ಪಾಸಿಟಿವ್ ತೋರಿಸಬಹುದು, ಗಾಬರಿಯಾಗಬೇಡಿ. ಒಮ್ಮೆ ಗುಣವಾದ ನಾಯಿಗೆ ಈ ರೋಗದಿಂದ ರಕ್ಷಣೆಯೇನೂ ಬರುವುದಿಲ್ಲ, ಸೊಳ್ಳೆ ಕಚ್ಚಿದರೆ ಮತ್ತೆ ಬರುತ್ತದೆ. ಆದ್ದರಿಂದ ತಡೆಯುವ ಔಷಧಿ ಚಿಕಿತ್ಸೆಯ ನಡುವೆಯೂ ನಂತರವೂ ನಿಲ್ಲಬಾರದು. ಪರೀಕ್ಷೆಯ ದಿನಾಂಕವನ್ನು ಇಂಜೆಕ್ಷನ್ ಕೊಟ್ಟ ದಿನವೇ ವೈದ್ಯರಿಂದ ಚೀಟಿಯ ಮೇಲೆ ಬರೆಸಿಕೊಳ್ಳಿ.